ವಜ್ರಗಳ ನಡುವಿನ ಸಾವಯವ ಹರಳು

ಸಾವಯವ ಹರಳನ್ನು, ಅಂದರೆ ಇಂಗಾಲದ ಸಂಯುಕ್ತಗಳ ಅಣುಗಳು ಸೇರಿ ಆದ ಹರಳನ್ನು, ಹಿಂಡುವುದು ಸುಲಭ. ಹಿಂಡಿದ ಸ್ಥಿತಿಯಲ್ಲೇ ಅದರೊಳಗನ್ನು ನೋಡುವುದು ಕಷ್ಟ. ಅದರ ಅಣುಗಳನ್ನು ಒಟ್ಟಿಗೆ ಹಿಡಿದಿರುವುದು ಹೈಡ್ರೋಜನ್ ಬಂಧ, ವ್ಯಾನ್ ಡರ್ ವಾಲ್ಸ್ ಸೆಳೆತಗಳಂಥ ದುರ್ಬಲ ಬಲಗಳಾದ್ದರಿಂದ, ಒಂದೆರಡು ಗಿಗಾಪ್ಯಾಸ್ಕಲ್, ಅಂದರೆ ವಾತಾವರಣದ ಒತ್ತಡದ ಹತ್ತಿಪ್ಪತ್ತು ಸಾವಿರ ಪಟ್ಟು ಒತ್ತಡ ಬಿದ್ದರೆ ಅನೇಕ ಹರಳುಗಳ ಜೋಡಣೆಯೇ ಬದಲಾಗುತ್ತದೆ.

ಹರಳುಗಳಿಂದ ಕ್ಷ-ಕಿರಣಗಳು ವಿವರ್ತನೆಗೊಳ್ಳುವುದನ್ನು (ಪರಮಾಣುಗಳ ಸಾಲುಗಳಿಂದ ನಿಗದಿತ ದಿಕ್ಕುಗಳಿಗೆ ಚದುರುವುದನ್ನು; ಒಳಗಿನ ಜೋಡಣೆ ತಿಳಿಯುವುದು ಇದರಿಂದಲೇ) ಮ್ಯಾಕ್ಸ್ ಫಾನ್ ಲಾವೆ ಮತ್ತು ಸಂಗಡಿಗರು 1912ರಲ್ಲಿ ತೋರಿಸಿದಾಗ, ಹಾರ್ವರ್ಡ್‌ನಲ್ಲಿ ಪರ್ಸಿ ಬ್ರಿಡ್ಜ್‌ಮನ್ ಅಧಿಕ ಒತ್ತಡದ ಪ್ರಯೋಗಗಳಲ್ಲಿ ಆಗಲೇ ತೊಡಗಿದ್ದರು. ಆದರೂ ಎರಡು ವಿದ್ಯೆಗಳು ಬಹುಕಾಲ ಕೂಡಿಬರಲಿಲ್ಲ: ಒತ್ತಡವನ್ನು ತಡೆದುಕೊಳ್ಳುವ ದಪ್ಪ ಉಕ್ಕು ಕ್ಷ-ಕಿರಣವನ್ನೂ ತಡೆದುಬಿಡುತ್ತಿತ್ತು.

ದಾರಿ ತೆರೆದದ್ದು ಒತ್ತಡವನ್ನು ತಡೆದುಕೊಂಡೂ ಕ್ಷ-ಕಿರಣವನ್ನು ಹಾಯಲು ಬಿಡುವ ವಜ್ರ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ 1950ರ ದಶಕದ ಕೊನೆಗೆ ರೂಪುಗೊಂಡ ಕೋಶದಲ್ಲಿ (ಮಾದರಿಯನ್ನು ಇಟ್ಟು ಹಿಂಡುವ ಸಾಧನದಲ್ಲಿ) ಎದುರುಬದುರಾದ ಎರಡು ವಜ್ರಗಳು ಮಾದರಿಯನ್ನು ಒತ್ತುತ್ತಿದ್ದವು. ಮುಂದೆ ವಜ್ರಗಳ ನಡುವೆ ರಂಧ್ರವಿರುವ ಲೋಹದ ಹಾಳೆ ಬಂತು. ಅರ್ಧ ಮಿಲಿಮೀಟರಿಗಿಂತ ಕಿರಿದಾದ ಆ ರಂಧ್ರದಲ್ಲಿ ದ್ರವ ತುಂಬಿದರೆ ಹರಳಿನ ಮೇಲೆ ಎಲ್ಲ ಕಡೆಯಿಂದಲೂ ಒಂದೇ ಒತ್ತಡ ಬೀಳುತ್ತದೆ. ಅದೇ ಸಂಸ್ಥೆಯವರು ಬೆಂಜೀನನ್ನು ಕೋಶದೊಳಗೇ ಹರಳುಗಟ್ಟಿಸಿ, 25 ಕಿಲೋಬಾರ್ (2.5 ಗಿಗಾಪ್ಯಾಸ್ಕಲ್) ಒತ್ತಡದಲ್ಲಿ ಅದರ ಎರಡನೆಯ ರೂಪದ ರಚನೆಯನ್ನು 1969ರಲ್ಲಿ ಪ್ರಕಟಿಸಿದರು. ಒತ್ತಡ ಅಳೆಯುವ ತೊಡಕನ್ನು ಬಗೆಹರಿಸಿದ್ದು 1972ರ ಮಾಣಿಕ್ಯದ ವಿಧಾನ: ಹರಳಿನ ಪಕ್ಕದಲ್ಲಿಟ್ಟ ಮಾಣಿಕ್ಯದ ಕಣಕ್ಕೆ ಲೇಸರ್ ಬಿಟ್ಟರೆ ಅದು ಸೂಸುವ ಕೆಂಪು ಬೆಳಕಿನ ತರಂಗಾಂತರ ಒತ್ತಡಕ್ಕೆ ತಕ್ಕಂತೆ ಸರಿಯುತ್ತದೆ. 1974ರಲ್ಲಿ ಮೆರಿಲ್ ಮತ್ತು ಬ್ಯಾಸೆಟ್ ರೂಪಿಸಿದ ಪುಟ್ಟ ಕೋಶವಂತೂ ಚದುರಿದ ಕ್ಷ-ಕಿರಣಗಳನ್ನು ಅಳೆಯುವ ವಿವರ್ತನಮಾಪಕದ ಮೇಲೆಯೇ ಕೂರುವಂತಿತ್ತು.

ಇಷ್ಟಾದರೂ ಖನಿಜಗಳಿಗೆ ಒಲಿದಷ್ಟು ಬೇಗ ಈ ವಿಧಾನ ಸಾವಯವ ಹರಳುಗಳಿಗೆ ಒಲಿಯಲಿಲ್ಲ. ಅವುಗಳಲ್ಲಿ ಹೆಚ್ಚಿನವು ಕಡಿಮೆ ಸಮಮಿತಿಯವು. ಸಮಮಿತಿ ಹೆಚ್ಚಿದ್ದರೆ ಒಂದೇ ದತ್ತಾಂಶ ಹಲವು ದಿಕ್ಕುಗಳಲ್ಲಿ ಮರುಕಳಿಸುತ್ತದೆ; ಇಲ್ಲಿ ಹಾಗಲ್ಲದ್ದರಿಂದ ಕೋಶದ ಉಕ್ಕು ಮರೆಮಾಡಿದ ದತ್ತಾಂಶವನ್ನು ಸಮಮಿತಿಯ ಬಲದಿಂದ ತುಂಬಿಕೊಳ್ಳಲಾಗದು. ಹೈಡ್ರೋಜನ್ ಪರಮಾಣುಗಳು ಕ್ಷ-ಕಿರಣವನ್ನು ಚದುರಿಸುವುದೇ ಅತ್ಯಲ್ಪ. ವಜ್ರಕ್ಕೆ ಆಸರೆಯಾಗಿದ್ದ ಬೆರಿಲಿಯಂ ಲೋಹ ತನ್ನದೇ ಉಂಗುರಗಳನ್ನು ಚಿತ್ರದಲ್ಲಿ ಮೂಡಿಸುತ್ತಿತ್ತು. ಒತ್ತಡ ಹರಡಲು ಬಳಸುವ ಮೆಥನಾಲ್–ಎಥನಾಲ್ ಮಿಶ್ರಣವೋ ಎಷ್ಟೋ ಸಾವಯವ ಹರಳುಗಳನ್ನು ಕರಗಿಸಿಯೇ ಬಿಡುತ್ತದೆ.

ಈ ಕೊನೆಯ ಕಾಟವನ್ನೇ ಎಡಿನ್‌ಬರೊದ ಸಂಶೋಧಕರು 2000ದ ದಶಕದ ಮೊದಲಲ್ಲಿ ಉಪಾಯವಾಗಿಸಿಕೊಂಡದ್ದು ನನ್ನ ಲೆಕ್ಕದಲ್ಲಿ ಈ ಇತಿಹಾಸದ ಅತ್ಯಂತ ಜಾಣ ತಿರುವು. ಸಿದ್ಧ ಹರಳನ್ನು ಹಿಂಡುವ ಬದಲು ಅವರು ದ್ರಾವಣವನ್ನೇ ಕೋಶಕ್ಕೆ ತುಂಬಿ, ಒತ್ತಡದಲ್ಲಿ ಹೊಸದಾಗಿ ಹರಳು ಬೆಳೆಸಿದರು. ಘನಸ್ಥಿತಿಯಲ್ಲಿ ಅಣುಗಳು ಹೊಸ ಜೋಡಣೆಗೆ ಹೊರಳಲು ಎದುರಾಗುವ ತಡೆ ದ್ರಾವಣದಲ್ಲಿ ಇರುವುದಿಲ್ಲ. ಪ್ಯಾರಾಸಿಟಮಾಲ್ ಮೆಥನಾಲಿನೊಡನೆ ಸೇರಿದ ಹರಳು ಸಿಕ್ಕಿದ್ದು ಹೀಗೆ. ಪಿರಾಸೆಟಮ್ ಔಷಧದ ಹೊಸ ರೂಪವೂ ಹೀಗೆಯೇ ದೊರೆಯಿತು.

ಈಗ ಬೆರಿಲಿಯಂ ಬಹುಮಟ್ಟಿಗೆ ಮರೆಯಾಗಿದ್ದು, ಹೆಚ್ಚು ಅಗಲಕ್ಕೆ ತೆರೆದುಕೊಳ್ಳುವ ಕೋಶಗಳೂ ಸಿಂಕ್ರೋಟ್ರಾನ್ ಎಂಬ ಕಣವೇಗವರ್ಧಕದ ಕಿರುತರಂಗಾಂತರದ ಪ್ರಖರ ಕಿರಣಗಳೂ ಬಂದಿವೆ. ಉಕ್ಕು ಮರೆಮಾಡುವ ಪಾಲು ಕಡಿಮೆಯಾಗಿದೆಯೇ ಹೊರತು ಇಲ್ಲವಾಗಿಲ್ಲ.