ಪ್ಲಾಸ್ಟಿಕ್ ಮೈಯ ಅಗ್ಗದ ಪಿಸ್ತೂಲನ್ನು ನಂಬಬಹುದೇ?

ಪ್ರಶ್ನೆ: ಅಮೆರಿಕದಲ್ಲಿರುವ ನಮ್ಮ ಚಿಕ್ಕಪ್ಪನ ಮಗ ಕಡಿಮೆ ಬೆಲೆಯ, ಪೂರ್ಣ ಗಾತ್ರದ ಪಾಲಿಮರ್ ಪಿಸ್ತೂಲೊಂದನ್ನು ಕೊಂಡು ಬಹಳ ಹೊಗಳುತ್ತಿದ್ದಾನೆ. ಹೊನ್ನಾಳಿ ಕಡೆಯ ನಮ್ಮ ತೋಟದ ರಕ್ಷಣೆಗೆಂದು ನನ್ನ ಹೆಸರಿನಲ್ಲಿ ಬಂದೂಕಿನ ಲೈಸೆನ್ಸ್ ಇದೆ. ಪ್ಲಾಸ್ಟಿಕ್ ಮೈಯ ಅಗ್ಗದ ಪಿಸ್ತೂಲು ಬಾಳುತ್ತದೆಯೇ, ಅಂಥದ್ದನ್ನು ನಾವು ಇಟ್ಟುಕೊಳ್ಳಬಹುದೇ?

ಉತ್ತರ: ದಾವಣಗೆರೆ ಮತ್ತು ಚಿತ್ರದುರ್ಗದ ಲೈಸೆನ್ಸ್‌ದಾರರಲ್ಲಿ ಪಾಲಿಮರ್ ಎಂಬ ಮಾತು ಬಂದಾಗಲೆಲ್ಲ ಏಳುವ ಪ್ರಶ್ನೆ ಇದು. ಬಾಳುತ್ತದೆ ಎಂಬುದು ಮೊದಲ ಭಾಗಕ್ಕೆ ಉತ್ತರ. ಎರಡನೆಯ ಭಾಗದ ಉತ್ತರ ಪಿಸ್ತೂಲಿನ ಮೈಯನ್ನಲ್ಲ, ಬೋರನ್ನು, ಅಂದರೆ ನಳಿಗೆಯ ಒಳ ಅಳತೆಯನ್ನು ಅವಲಂಬಿಸಿದೆ. ಅದು 9 ಮಿ.ಮೀ. ಆಗಿದ್ದರೆ ಇಟ್ಟುಕೊಳ್ಳುವಂತಿಲ್ಲ.

ಪಾಲಿಮರ್ ಪಿಸ್ತೂಲಿನಲ್ಲಿ ಪಾಲಿಮರ್ ಆಗಿರುವುದು ಹಿಡಿಕೆಯೂ ಸೇರಿದ ಕೆಳಗಿನ ಫ್ರೇಮ್ ಮಾತ್ರ. ಸ್ಫೋಟದ ಒತ್ತಡವನ್ನು ಹೊರುವ ನಳಿಗೆ, ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ಸರಿಯುವ ಸ್ಲೈಡ್, ತೋಟಾವನ್ನು ಹೊಡೆಯುವ ಪಿನ್ನು, ಇವೆಲ್ಲ ಉಕ್ಕಿನವೇ. ಸ್ಲೈಡ್ ಜಾರುವ ಹಳಿಗಳನ್ನೂ ಉಕ್ಕಿನಿಂದಲೇ ಮಾಡಿ ಫ್ರೇಮಿನೊಳಗೆ ಕೂರಿಸಿರುತ್ತಾರೆ. ಜರ್ಮನಿಯ ಹೆಕ್ಲರ್ ಅಂಡ್ ಕೋಕ್ ಕಂಪನಿ 1970ರಲ್ಲಿಯೇ ಇಂಥ ಪಿಸ್ತೂಲನ್ನು ಹೊರತಂದಿತ್ತಾದರೂ, ಗ್ಲಾಕ್ 17 ಎಂಬ ಪಾಲಿಮರ್ ಪಿಸ್ತೂಲನ್ನು 1982ರಲ್ಲಿ ಆಸ್ಟ್ರಿಯಾದ ಸೇನೆ ಒಪ್ಪಿಕೊಂಡ ಮೇಲೆ ಜಗತ್ತು ಈ ಬಗೆಯನ್ನು ಗಂಭೀರವಾಗಿ ತೆಗೆದುಕೊಂಡಿತು. ಬೋರ್‌ವೆಲ್‌ಗೆ ಕಬ್ಬಿಣದ ಬದಲು ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪು ಇಳಿಸಲು ಆರಂಭಿಸಿದಾಗ ನಮ್ಮ ರೈತರಿಗೆ ಬಂದ ಅನುಮಾನವೇ ಆಗ ಪಿಸ್ತೂಲು ಬಳಸುವವರಿಗೂ ಬಂದಿತ್ತು. ಫ್ರೇಮಿಗೆ ಸಾಮಾನ್ಯವಾಗಿ ಬಳಸುವ, ಗಾಜಿನ ಎಳೆ ಬೆರೆಸಿದ ನೈಲಾನ್ ಇನ್ನೂರು ಡಿಗ್ರಿ ದಾಟಿದ ಮೇಲಷ್ಟೇ ಕರಗುವುದರಿಂದ ನಮ್ಮ ಬೇಸಿಗೆಯ ನಲವತ್ತು ಡಿಗ್ರಿ ಅದಕ್ಕೆ ಲೆಕ್ಕಕ್ಕಿಲ್ಲ, ಬೆವರಿನಿಂದ ತುಕ್ಕು ಹಿಡಿಯುವ ಭಯವೂ ಇಲ್ಲ. ಚಿತ್ರದುರ್ಗದ ಕಡೆಯ ಗಾಳಿ ಧೂಳಿನಲ್ಲಿ ತೊಂದರೆ ಕೊಡುವುದು ಉಕ್ಕಿನ ಭಾಗಗಳಿಗೆ ಹಚ್ಚಿದ ಅತಿಯಾದ ಎಣ್ಣೆ. ಎಣ್ಣೆ ಧೂಳನ್ನು ಹಿಡಿದು ಅಂಟಾಗುತ್ತದೆ, ಅಂಟು ಸ್ಲೈಡನ್ನು ತಡೆಯುತ್ತದೆ.

ಹಾಗಾದರೆ ಬೆಲೆ ತಗ್ಗಿರುವುದು ಎಲ್ಲಿ? ನನ್ನ ಅಭಿಪ್ರಾಯದಲ್ಲಿ ಮುಖ್ಯವಾಗಿ ಟ್ರಿಗರ್‌ನಲ್ಲಿ. ಅನಂತರ ಗುರಿನೋಟದ ಕಡ್ಡಿಗಳಲ್ಲಿ, ಮೇಲ್ಮೈಯ ಲೇಪನದಲ್ಲಿ, ಜೊತೆಗೆ ಕೊಡುವ, ತೋಟಾ ತುಂಬುವ ಮ್ಯಾಗಜಿನ್‌ಗಳ ಸಂಖ್ಯೆಯಲ್ಲಿ. ಗ್ಲಾಕ್‌ನ ಟ್ರಿಗರ್ ಎಳೆಯಲು ಸುಮಾರು ಎರಡೂವರೆ ಕೆ.ಜಿ. ಒತ್ತಡ ಸಾಕಾದರೆ, ಕಡಿಮೆ ಬೆಲೆಯ ಸ್ಮಿತ್ ಅಂಡ್ ವೆಸನ್ ಕಂಪನಿಯ ಎಸ್‌ಡಿ9 ವಿಇ ಪಿಸ್ತೂಲಿಗೆ ಸುಮಾರು ಮೂರೂವರೆ ಕೆ.ಜಿ. ಬೇಕು. ಬೆರಳು ಹೆಚ್ಚು ಬಲ ಹಾಕಿದಷ್ಟೂ ನಳಿಗೆಯ ತುದಿ ಅಲುಗುತ್ತದೆ, ಹೊಸಬರ ಗುರಿ ತಪ್ಪುತ್ತದೆ. ಪೂರ್ಣ ಗಾತ್ರದಿಂದ ಇದಕ್ಕೆ ಸ್ವಲ್ಪ ಪರಿಹಾರ ಸಿಗುತ್ತದೆ: ಅಂಗೈ ತುಂಬ ಹಿಡಿತ ಸಿಗುತ್ತದೆ, ಗುರಿನೋಟದ ಎರಡು ಕಡ್ಡಿಗಳ ನಡುವಿನ ಅಂತರ ಹೆಚ್ಚುತ್ತದೆ, ತೂಕ ಕಡಿಮೆಯಾದರೂ ಹಿನ್ನೊದೆತ ಹತೋಟಿಯಲ್ಲಿರುತ್ತದೆ.

ಆದ್ದರಿಂದ ನಿಮ್ಮ ಸೋದರನ ಮಾತು ಸುಳ್ಳಾಗಿರಬೇಕಿಲ್ಲ. ಆದರೆ ಹೊಸ ಮಾಲೀಕರು ಮೊದಲು ಹೊಗಳುವುದು ಹಿಡಿತವನ್ನು ಮತ್ತು ಬೆಲೆಯನ್ನು. ನಂಬಿಕೆಯ ವಿಷಯ ಅಷ್ಟು ಬೇಗ ತಿಳಿಯುವುದಿಲ್ಲ. ಎಷ್ಟು ಸುತ್ತು ಹಾರಿಸಿದ್ದಾನೆ, ಯಾವ ತೋಟಾ ಬಳಸಿದ್ದಾನೆ, ಎಷ್ಟು ಬಾರಿ ಸಿಕ್ಕಿಕೊಂಡಿತು, ಪ್ರತಿ ಬಾರಿಯೂ ಅದೇ ಮ್ಯಾಗಜಿನ್ ಇತ್ತೇ ಎಂದು ಅವನನ್ನು ಕೇಳಿ ನೋಡಿ. ಈ ಲೆಕ್ಕ ಕೊಡಬಲ್ಲ ಮಾಲೀಕನ ಮಾತಿಗೆ ನಾನು ತೂಕ ಕೊಡುತ್ತೇನೆ.

ಇನ್ನು ಕಾನೂನಿನ ವಿಷಯ. ಸೇನೆ ಬಳಸುವ 9 ಮಿ.ಮೀ. ತೋಟಾ ಹಿಡಿಸುವ ಯಾವ ಪಿಸ್ತೂಲೇ ಆಗಲಿ, 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಿಷೇಧಿತ ಬೋರಿಗೆ ಸೇರುತ್ತದೆ. ಅಮೆರಿಕದ ಅಗ್ಗದ ಪೂರ್ಣ ಗಾತ್ರದ ಪಿಸ್ತೂಲುಗಳಲ್ಲಿ ಬಹುತೇಕ ಎಲ್ಲವೂ ಈ ಬೋರಿನವೇ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ನಿಷೇಧಿತ ಆಯುಧವನ್ನು ಅಕ್ರಮವಾಗಿ ಇಟ್ಟುಕೊಂಡವರಿಗೆ ಕನಿಷ್ಠ 7 ವರ್ಷ ಸೆರೆವಾಸವಿದ್ದು, ಅದು 14 ವರ್ಷದವರೆಗೂ ಹೋಗಬಹುದು. ಹೀಗಿರುವಾಗ ಉಡುಗೊರೆಯಾಗಿ ಕಳುಹಿಸುವಂತೆ ಸೋದರನನ್ನು ಕೇಳುವ ಯೋಚನೆಯನ್ನೂ ದಯವಿಟ್ಟು ಮಾಡಬೇಡಿ.

ನಮ್ಮಲ್ಲಿ ಲೈಸೆನ್ಸ್‌ದಾರರಿಗೆ ಸಾಮಾನ್ಯವಾಗಿ ಸಿಗುವುದು .32 ಬೋರಿನ ಪಿಸ್ತೂಲು ಅಥವಾ ರಿವಾಲ್ವರ್. ಅಗ್ಗ ಎಂಬ ಮಾತೇ ಅಲ್ಲಿ ನಿಲ್ಲುವುದಿಲ್ಲ. ಕಾನ್ಪುರದ ಸರ್ಕಾರಿ ಕಾರ್ಖಾನೆಯ ‘ನಿರ್ಭೀಕ್’ ರಿವಾಲ್ವರ್ 2014ರಲ್ಲಿ ಬಿಡುಗಡೆಯಾದಾಗಲೇ ಅದರ ಬೆಲೆ 1.2 ಲಕ್ಷ ರೂಪಾಯಿ ದಾಟಿತ್ತು.

ತೋಟದ ಬಂದೂಕಿನ ಲೈಸೆನ್ಸ್ ಇದ್ದಮಾತ್ರಕ್ಕೆ ಪಿಸ್ತೂಲಿಗೆ ಹಕ್ಕು ಬರುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಬೆಳೆ ರಕ್ಷಣೆಯ ಬಂದೂಕನ್ನು ಒಂದು ಬಗೆಯಾಗಿಯೂ ಪಿಸ್ತೂಲನ್ನು ಇನ್ನೊಂದು ಬಗೆಯಾಗಿಯೂ ನೋಡುತ್ತದೆ. ಪಿಸ್ತೂಲು ಬೇಕೆನ್ನುವವರು ಅದಕ್ಕೆ ತಕ್ಕ ಕಾರಣವಿದೆ ಎಂದು ಜಿಲ್ಲಾಧಿಕಾರಿಯವರಿಗೆ ಮನವರಿಕೆ ಮಾಡಿಕೊಡಬೇಕಾಗುತ್ತದೆ. ಕಾಡುಹಂದಿಯ ಕಾಟ ಪಿಸ್ತೂಲಿಗೆ ತಕ್ಕ ಕಾರಣವಾಗುತ್ತದೆಂದು ನನಗೆ ಅನ್ನಿಸುವುದಿಲ್ಲ. ಆದರೂ ಅರ್ಜಿ ಹಾಕುವುದಾದರೆ ನಮೂನೆ ಎ-1ರಲ್ಲಿ ದಾವಣಗೆರೆಯ ಜಿಲ್ಲಾಧಿಕಾರಿ ಕಚೇರಿಗೆ ಸಲ್ಲಿಸಬೇಕು. ಅನಂತರ ಪೊಲೀಸ್ ವರದಿ ಆಗಬೇಕು, ಆಯುಧವನ್ನು ಸುರಕ್ಷಿತವಾಗಿ ಬಳಸುವ ತರಬೇತಿಯ ಪ್ರಮಾಣಪತ್ರವೂ ಬೇಕು. 2019ರ ತಿದ್ದುಪಡಿಯಂತೆ ಒಬ್ಬರ ಬಳಿ ಬಂದೂಕು, ಪಿಸ್ತೂಲು ಎಲ್ಲ ಸೇರಿ ಎರಡಕ್ಕಿಂತ ಹೆಚ್ಚು ಇರುವಂತಿಲ್ಲ. ತೋಟದ ಬಂದೂಕು ಆ ಎರಡರಲ್ಲಿ ಒಂದು.