ವಸಂತದಲ್ಲಿ ಬೆಳಗಿನ ಜಾವ ಮೀನು ಏಕೆ ಕಚ್ಚುವುದಿಲ್ಲ?

ಪ್ರಶ್ನೆ: ಚಳಿ ಕಳೆದ ಮೇಲೆ ಮೂರು ವಾರದಿಂದ ಅಳಿವೆಯ ದಡದಲ್ಲಿ ಗಾಳ ಹಾಕುತ್ತಿದ್ದೇನೆ. ಬೆಳಕು ಹರಿಯುವ ಮೊದಲೇ ಹೋಗಿ, ಒಂಬತ್ತಕ್ಕೆ ಬರಿಗೈಯಲ್ಲಿ ವಾಪಸ್. ಬೇಸಿಗೆಯಲ್ಲಿ ಇದೇ ಜಾಗದಲ್ಲಿ ಇದೇ ಎರೆಗೆ ಚೆನ್ನಾಗಿ ಸಿಗುತ್ತಿತ್ತು. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಎರೆ ಬದಲಿಸಬೇಡಿ, ಹೊತ್ತು ಬದಲಿಸಿ. ಮಧ್ಯಾಹ್ನ ಊಟ ಮುಗಿಸಿಕೊಂಡು ಹೋಗಿ.

ದಡದ ಬಳಿ ಸಿಗುವ ಮೀನಿಗೆ ತನ್ನದೇ ಮೈಶಾಖ ಇರುವುದಿಲ್ಲ. ನೀರು ಎಷ್ಟು ಬೆಚ್ಚಗೋ ಮೈಯೂ ಅಷ್ಟೇ. ನೀರಿನ ಶಾಖ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಅದರ ದೇಹದ ಕೆಲಸ ಹೆಚ್ಚೂಕಡಿಮೆ ಎರಡು ಪಟ್ಟು ಚುರುಕಾಗುತ್ತದೆ. ಇಳಿದರೆ ಅಷ್ಟೇ ಮಂದವಾಗುತ್ತದೆ. ತಣ್ಣನೆ ನೀರಿನಲ್ಲಿ ತಿಂದದ್ದು ಬೇಗ ಅರಗುವುದಿಲ್ಲ, ಹಸಿವೂ ಬೇಗ ಹುಟ್ಟುವುದಿಲ್ಲ. ಮೊಣಕಾಲುದ್ದದ ನೀರು ರಾತ್ರಿಯಿಡೀ ಶಾಖ ಬಿಟ್ಟುಕೊಟ್ಟು ಸೂರ್ಯ ಹುಟ್ಟುವ ಹೊತ್ತಿಗೆ ಅತಿ ತಣ್ಣಗಿರುತ್ತದೆ. ನೀವು ಸರಿಯಾಗಿ ಆ ಗಳಿಗೆಗೇ ಹೋಗುತ್ತಿದ್ದೀರಿ.

ಇನ್ನು ಜಾಗ. ಬಿಳಿ ಮರಳು ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಕಪ್ಪು ಕೆಸರು ಹೀರಿಕೊಳ್ಳುತ್ತದೆ. ದಾರಕ್ಕೆ ಕಟ್ಟಿದ ಒಂದು ಸಣ್ಣ ಥರ್ಮಾಮೀಟರ್ ನನ್ನ ಚೀಲದಲ್ಲಿ ಸದಾ ಇರುತ್ತದೆ. ಮರಳಿನ ಬದಿಗೊಮ್ಮೆ, ಕೆಸರಿನ ಬದಿಗೊಮ್ಮೆ ಇಳಿಬಿಟ್ಟು ನೋಡುತ್ತೇನೆ. ಒಂದೆರಡು ಡಿಗ್ರಿ ವ್ಯತ್ಯಾಸ ಕಂಡರೂ ಸಾಕು, ಬೆಚ್ಚಗಿರುವ ಕಡೆಗೇ ನಡೆಯುತ್ತೇನೆ. ಗಾಳಿ ಒಂದೇ ದಿಕ್ಕಿಗೆ ಬೀಸುತ್ತಿದ್ದರೆ ಮೇಲ್ಪದರದ ಬೆಚ್ಚನೆ ನೀರು ಎದುರು ದಡಕ್ಕೆ ಹೋಗಿ ಸೇರುತ್ತದೆ. ಮುಖಕ್ಕೆ ಗಾಳಿ ಹೊಡೆಯುವ ಆ ದಡದಲ್ಲಿ ಗಾಳ ಎಸೆಯುವುದು ಕಷ್ಟ. ಆದರೂ ಅಲ್ಲೇ ನಿಲ್ಲಿ.

ಇದೆಲ್ಲಕ್ಕಿಂತ ನಾನು ಹೆಚ್ಚು ನಂಬುವುದು ಇಳಿತವನ್ನು. ಬಿಸಿಲಿಗೆ ಕಾದ ಕೆಸರು ಬಯಲಿನ ನೀರು ಇಳಿತದಲ್ಲಿ ಸಣ್ಣ ಸಣ್ಣ ತೋಡುಗಳ ಮೂಲಕ ಹೊರಗೆ ಹರಿಯುತ್ತದೆ. ಸಿಗಡಿ, ಸಣ್ಣ ಏಡಿ, ಮರಿಮೀನುಗಳನ್ನೂ ಜೊತೆಗೆ ಎಳೆದು ತರುತ್ತದೆ. ತೋಡಿನ ಬಾಯಲ್ಲಿ ನೆಲ ಹಠಾತ್ತನೆ ಆಳವಾಗುವ ಅಂಚಿನಲ್ಲಿ ದೊಡ್ಡ ಮೀನು ಕಾದಿರುತ್ತದೆ. ಹೆಚ್ಚಿನ ಕರಾವಳಿಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ಹಾಗಾಗಿ ಈ ವಾರ ನಡುಮಧ್ಯಾಹ್ನಕ್ಕೆ ನೀರು ತುಂಬಿದ್ದರೆ, ಮುಂದಿನ ವಾರ ಅದೇ ಹೊತ್ತಿಗೆ ಹೆಚ್ಚೂಕಡಿಮೆ ಬತ್ತಿರುತ್ತದೆ. ಉಬ್ಬರದ ಪಟ್ಟಿ ನೋಡಿ, ಹನ್ನೆರಡರ ಆಸುಪಾಸಿಗೆ ನೀರು ತುಂಬುವ ದಿನಗಳನ್ನು ಗುರುತು ಹಾಕಿಕೊಳ್ಳಿ. ಆ ದಿನಗಳಲ್ಲಿ ಎರಡರಿಂದ ಐದರವರೆಗಿನ ಹೊತ್ತನ್ನು ಬೇರೆ ಯಾವ ಕೆಲಸಕ್ಕೂ ಬಿಟ್ಟುಕೊಡಬೇಡಿ.

ಜೀವಂತ ಸಿಗಡಿ ಸಿಕ್ಕರೆ ಅದಕ್ಕಿಂತ ಒಳ್ಳೆಯ ಎರೆ ಇಲ್ಲ. ತಲೆಯ ಮುಂದೆ ಗರಗಸದಂಥ ಮುಳ್ಳಿದೆಯಲ್ಲ, ಅದರ ಬುಡದಲ್ಲಿ ಗಾಳ ತೂರಿಸಿ. ಚಿಪ್ಪಿನೊಳಗೆ ಕಪ್ಪು ಚುಕ್ಕೆಯೊಂದು ಕಾಣುತ್ತದೆ. ಅದಕ್ಕೆ ತಾಗಿದರೆ ಸಿಗಡಿ ಅಲ್ಲೇ ಸತ್ತಿತು. ತಾಗದಿದ್ದರೆ ನೀರಿನಲ್ಲಿ ಬಹಳ ಹೊತ್ತು ಕಾಲಾಡಿಸುತ್ತಿರುತ್ತದೆ.

ರಬ್ಬರಿನ ಕೃತಕ ಎರೆಯಾದರೆ ಏಳು ಗ್ರಾಂ ತೂಕದ ಜಿಗ್ (ತಲೆಗೆ ಸೀಸದಂಥ ಭಾರ ಕೂರಿಸಿದ ಗಾಳ) ತೆಗೆದಿಟ್ಟು, ಮೂರೂವರೆ ಗ್ರಾಂನದು ಕಟ್ಟಿ. ಬೆದರಿದ ಸಿಗಡಿ ಬಾಲ ಮಡಚಿ ಹಿಂದಕ್ಕೆ ಚಿಮ್ಮುತ್ತದೆ, ಆಮೇಲೆ ಮೆಲ್ಲಗೆ ತಳಕ್ಕೆ ಇಳಿಯುತ್ತದೆ. ನಿಮ್ಮ ಎರೆಯೂ ಹಾಗೇ ಮಾಡಬೇಕು. ಎಸೆದು ತಳ ಮುಟ್ಟಲು ಬಿಡಿ. ಕೋಲಿನ ತುದಿಯನ್ನು ಒಂದು ಗೇಣು ಮೇಲಕ್ಕೆ ಎತ್ತಿ, ಬಿಡಿ. ಈಗ ಕಾಯಿರಿ. ಬೇಸಿಗೆಯಲ್ಲಿ ಎರಡು ಎಣಿಸಿದರೆ ಸಾಕಿತ್ತು, ಈಗ ಹತ್ತು ಎಣಿಸಿ. ತಣ್ಣಗಿನ ಮೀನು ಅಟ್ಟಿಸಿಕೊಂಡು ಬರುವುದಿಲ್ಲ. ಬಾಯಿಯ ಮುಂದೆ ಬಿದ್ದರೆ ಮಾತ್ರ ತೆಗೆದುಕೊಳ್ಳುತ್ತದೆ. ಅದೂ ಹೆಚ್ಚಾಗಿ ಎರೆ ಕೆಳಗೆ ಇಳಿಯುತ್ತಿರುವಾಗ. ಕೈಗೆ ಜಗ್ಗಿದಂತೆ ತಿಳಿಯುವುದಿಲ್ಲ. ಒದ್ದೆ ಎಲೆಯೊಂದು ಸಿಕ್ಕಿಕೊಂಡಂತೆ ನೂಲು ಸುಮ್ಮನೆ ಭಾರವಾಗುತ್ತದೆ, ಅಥವಾ ಕಾರಣವಿಲ್ಲದೆ ಪಕ್ಕಕ್ಕೆ ಸರಿಯುತ್ತದೆ. ಆಗ ಎತ್ತಬೇಕು. ಉಂಗುರದಂತೆ ಬಾಗಿದ ಸರ್ಕಲ್ ಹುಕ್ ಬಳಸುತ್ತಿದ್ದರೆ ಮಾತ್ರ ಝಾಡಿಸಬೇಡಿ. ರೀಲ್ ಸುತ್ತುತ್ತಾ ಹೋಗಿ, ಅದು ತಾನಾಗಿ ಬಾಯಿಯ ಮೂಲೆಗೆ ಕೂರುತ್ತದೆ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಈ ಕಾಲದಲ್ಲಿ ಅನೇಕ ಜಾತಿಯ ಹೆಣ್ಣು ಮೀನುಗಳ ಹೊಟ್ಟೆಯಲ್ಲಿ ಮೊಟ್ಟೆ ಇರುತ್ತದೆ. ಹೊಟ್ಟೆ ಉಬ್ಬಿದ ದೊಡ್ಡ ಮೀನು ಬಂದರೆ ದಯವಿಟ್ಟು ವಾಪಸ್ ಬಿಡಿ. ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಒಣ ಕೈ ಅದರ ಮೈಮೇಲಿನ ಲೋಳೆಯನ್ನು ಕಿತ್ತುಬಿಡುತ್ತದೆ, ರೋಗ ತಾಗದಂತೆ ಕಾಯುವುದು ಆ ಲೋಳೆಯೇ.

ಥರ್ಮಾಮೀಟರನ್ನು ವಾರಕ್ಕೊಮ್ಮೆ ಬೆಳಗಿನ ಜಾವವೂ ಇಳಿಬಿಟ್ಟು ನೋಡುತ್ತಿರಿ. ಮುಂಜಾನೆಗೂ ಮಧ್ಯಾಹ್ನಕ್ಕೂ ದೊಡ್ಡ ವ್ಯತ್ಯಾಸ ಕಾಣದೆ, ಮುಂಜಾನೆಯ ನೀರೇ ಬೆಚ್ಚಗಾದ ಮೇಲೆ ಮತ್ತೆ ನಿಮ್ಮ ಹಳೆಯ ಹೊತ್ತಿಗೇ ಹೋಗಬಹುದು.