ವಿಡಿಯೊ ಅಂಗಡಿಯಿಂದ ಕಾನ್ ತನಕ: ತಕಾಶಿ ಮೀಕೆ ನಡೆದ ದಾರಿ

2012ರಲ್ಲಿ ತಕಾಶಿ ಮೀಕೆ ನಿರ್ದೇಶಿಸಿದ ಮೂರು ಚಿತ್ರಗಳು ಜಪಾನಿನ ಚಿತ್ರಮಂದಿರಗಳಿಗೆ ಬಂದವು. ಒಂದು, ವಿಡಿಯೊ ಗೇಮ್ ಆಧರಿಸಿದ ನ್ಯಾಯಾಲಯದ ಕಥೆ; ಅದರಲ್ಲಿ ವಕೀಲನ ಕೂದಲು ಕೂಡ ಗೇಮಿನಲ್ಲಿದ್ದಂತೆಯೇ ಮೊನಚಾಗಿ ನಿಂತಿರುತ್ತದೆ. ಇನ್ನೊಂದು, ಪುಂಡ ಹುಡುಗನಿಗೆ ಮನಸೋತ ಸಿರಿವಂತರ ಮನೆ ಹುಡುಗಿಯ ಕಥೆ, ತುಂಬ ಹಾಡು ಕುಣಿತ. ಮೂರನೆಯದರಲ್ಲಿ ಮಕ್ಕಳಿಗೆಲ್ಲ ಅಚ್ಚುಮೆಚ್ಚಾದ ಇಂಗ್ಲಿಷ್ ಮೇಷ್ಟ್ರು ಕೋವಿ ಹಿಡಿದು ತನ್ನದೇ ತರಗತಿಯನ್ನು ಕೊಂದು ಮುಗಿಸುತ್ತಾನೆ. ಮೂರನ್ನೂ ಒಟ್ಟಿಗೆ ನೋಡಿದವರು ಒಬ್ಬನೇ ಮನುಷ್ಯನ ಕೆಲಸವಿದು ಎಂದು ನಂಬುವುದು ಕಷ್ಟ. ಹೊರದೇಶಗಳಲ್ಲಿ ಮಾತ್ರ ಮೀಕೆ ಎಂದೊಡನೆ ನೆನಪಾಗುವುದು ರಕ್ತ, ಸೂಜಿ, ಚಿತ್ರಹಿಂಸೆ. ಹೀಗೇಕಾಯಿತು ಎಂದು ತಿಳಿಯಬೇಕಾದರೆ ಜಪಾನಿ ಚಿತ್ರೋದ್ಯಮ ಕುಸಿದ ದಿನಗಳಿಗೆ ಹೋಗಬೇಕು.

1958ರಲ್ಲಿ ಜಪಾನಿನಲ್ಲಿ ಮಾರಾಟವಾದ ಸಿನಿಮಾ ಟಿಕೆಟ್‌ಗಳು 112 ಕೋಟಿಗೂ ಹೆಚ್ಚು. ದೊಡ್ಡ ಸ್ಟುಡಿಯೊಗಳು ವಾರವಾರವೂ ಹೊಸ ಚಿತ್ರ ಕೊಡಲೇಬೇಕಿದ್ದ ಕಾಲ ಅದು. ನಿಕ್ಕಾತ್ಸು ಸ್ಟುಡಿಯೊದಲ್ಲಿ ಸಂಬಳಕ್ಕಿದ್ದ ಸೈಜುನ್ ಸುಜುಕಿ 1956ರಿಂದ 1967ರೊಳಗೆ ಸುಮಾರು ನಲವತ್ತು ಚಿತ್ರ ಮಾಡಿದರು. ಕೊನೆಗೆ ‘ನಿಮ್ಮ ಚಿತ್ರ ಯಾರಿಗೂ ಅರ್ಥವಾಗುತ್ತಿಲ್ಲ’ ಎಂದು ಮಾಲೀಕರು ಅವರನ್ನು ಹೊರಗಟ್ಟಿದರು. ಅಂದರೆ ಬೇಗಬೇಗನೆ, ರಾಶಿರಾಶಿಯಾಗಿ ಚಿತ್ರ ಮಾಡುವುದು ಅಲ್ಲಿ ವಿಚಿತ್ರವೇನಲ್ಲ, ಕುಲಕಸುಬಿನಂತಿತ್ತು. ಟಿವಿ ಬಂತು, ಪ್ರೇಕ್ಷಕರು ಮನೆಯಲ್ಲೇ ಉಳಿದರು. 1971ರಲ್ಲಿ ದಾಯ್ಎ ಸ್ಟುಡಿಯೊ ದಿವಾಳಿಯಾಯಿತು, ಅದೇ ವರ್ಷ ನಿಕ್ಕಾತ್ಸು ಕಡಿಮೆ ಖರ್ಚಿನ ಕಾಮಚಿತ್ರಗಳತ್ತ ಹೊರಳಿತು. 1990ರ ದಶಕದ ನಡುವಿನ ಹೊತ್ತಿಗೆ ವರ್ಷದ ಟಿಕೆಟ್ ಮಾರಾಟ ಹನ್ನೆರಡು ಕೋಟಿಯ ಆಸುಪಾಸಿಗೆ ಇಳಿದಿತ್ತು. ಸಹಾಯಕನಾಗಿ ಸೇರಿ, ವರ್ಷಗಟ್ಟಲೆ ಕೆಲಸ ಕಲಿತು ನಿರ್ದೇಶಕನಾಗುವ ಹಳೆಯ ದಾರಿ ಮುಚ್ಚಿಹೋಯಿತು.

ಹೊಸ ದಾರಿ ತೆರೆದದ್ದು ಕ್ಯಾಸೆಟ್ ಬಾಡಿಗೆ ಅಂಗಡಿಗಳು. 1989ರಲ್ಲಿ ತೋಯ್ ಸಂಸ್ಥೆ ಚಿತ್ರಮಂದಿರಕ್ಕೆ ಹೋಗದೆ ನೇರವಾಗಿ ವಿಡಿಯೊ ಅಂಗಡಿಗೆ ಬರುವ ಚಿತ್ರಗಳನ್ನು ‘ವಿ-ಸಿನಿಮಾ’ ಎಂಬ ಹೆಸರಿನಲ್ಲಿ ಶುರು ಮಾಡಿತು. ಉಳಿದ ಸಂಸ್ಥೆಗಳೂ ಹಿಂದೆಯೇ ಬಂದವು. ಹಣ ಕಡಿಮೆ, ದಿನಗಳು ಇನ್ನೂ ಕಡಿಮೆ. ನಿರ್ಮಾಪಕರು ಕೇಳುತ್ತಿದ್ದದ್ದು ಇಷ್ಟೇ: ಯಾಕುಜಾ ರೌಡಿಗಳಿರಲಿ, ಹೊಡೆದಾಟವಿರಲಿ, ಮೈ ಕಾಣುವ ಒಂದೆರಡು ದೃಶ್ಯಗಳಿರಲಿ. ಅಷ್ಟು ಒದಗಿಸಿದ ಮೇಲೆ ಮಿಕ್ಕ ಜಾಗದಲ್ಲಿ ನಿರ್ದೇಶಕ ಏನು ಮಾಡಿದರೂ ತಡೆಯುವವರು ಹೆಚ್ಚಿರಲಿಲ್ಲ. ಇಂದು ಗೌರವದಿಂದ ನೆನೆಯುವ ನಿರ್ದೇಶಕ ಕಿಯೋಶಿ ಕುರೊಸಾವಾ ಕೂಡ ಈ ಗರಡಿಯಲ್ಲಿ ಸಾಮು ಮಾಡಿದವರೇ. ಮೀಕೆ ಅಲ್ಲಿಯೇ ಹುಟ್ಟಿ ಬೆಳೆದ ನಿರ್ದೇಶಕ.

ಅವರು ಹುಟ್ಟಿದ್ದು 1960ರಲ್ಲಿ, ಒಸಾಕಾಕ್ಕೆ ಅಂಟಿಕೊಂಡಿರುವ ಯಾವೊ ಎಂಬ ದುಡಿಮೆಗಾರರ ಊರಿನಲ್ಲಿ. ತಂದೆ ವೆಲ್ಡಿಂಗ್ ಕೆಲಸದವರು, ತಾಯಿ ಬಟ್ಟೆ ಹೊಲಿಯುತ್ತಿದ್ದರು. ತಂದೆ ಹುಟ್ಟಿದ್ದು ಕೊರಿಯಾದ ಸೋಲ್‌ನಲ್ಲಿ. ಈ ವಿವರವನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ. ಹುಡುಗನಿಗೆ ಮೋಟಾರ್‌ಸೈಕಲ್ ಓಟದ ಹುಚ್ಚೇ ಹೊರತು ಸಿನಿಮಾದ್ದಲ್ಲ. ಹೆಸರಾಂತ ನಿರ್ದೇಶಕ ಶೋಹೆಯ್ ಇಮಾಮುರಾ ಯೊಕೊಹಾಮಾದಲ್ಲಿ ಕಟ್ಟಿದ ಚಲನಚಿತ್ರ ಶಾಲೆಗೆ ಸೇರಿದರೂ ತರಗತಿಗೆ ಹೋದದ್ದು ಅಪರೂಪ. ಕಲಿತದ್ದೆಲ್ಲ ಟಿವಿ ಧಾರಾವಾಹಿಗಳ ಸೆಟ್ಟಿನಲ್ಲಿ, ಸುಮಾರು ಹತ್ತು ವರ್ಷ ಸಹಾಯಕನಾಗಿ ಓಡಾಡುತ್ತ. ಆಮೇಲೆ ಇಮಾಮುರಾ ಅವರ ಕೈಕೆಳಗೂ ಸಹಾಯಕರಾದರು. 1991ರಲ್ಲಿ ವಿಡಿಯೊಗಾಗಿ ನಿರ್ದೇಶನ ಆರಂಭಿಸಿದ ಮೇಲೆ ಅವರ ನಿಯಮ ಸರಳವಾಗಿತ್ತು: ಬಂದ ಕೆಲಸವನ್ನು ಬೇಡವೆನ್ನುವುದಿಲ್ಲ. ಈ ಬೇಡವೆನ್ನದ ಗುಣವನ್ನು ಹಲವರು ದುಡಿಮೆಯ ಚಟ ಎಂದು ಕರೆದಿದ್ದಾರೆ. ನನಗೆ ಅದು ಕುಶಲಕರ್ಮಿಯ ವಿನಯವಾಗಿ ಕಾಣುತ್ತದೆ. ಬಡಗಿ ತೊಟ್ಟಿಲನ್ನೂ ಮಾಡುತ್ತಾನೆ, ಚಟ್ಟವನ್ನೂ ಕಟ್ಟುತ್ತಾನೆ.

ಆದರೆ ಕೊಟ್ಟ ಕೆಲಸದೊಳಗೆ ತನ್ನ ನೋವನ್ನು ಸೇರಿಸಲು ಮೀಕೆ ಬಹಳ ಬೇಗ ಕಲಿತರು. 1995ರ ‘ಶಿಂಜುಕು ಟ್ರಯಾಡ್ ಸೊಸೈಟಿ’ ಮೇಲ್ನೋಟಕ್ಕೆ ಪೊಲೀಸು–ಕಳ್ಳರ ಕಥೆ. ಅದರ ನಾಯಕ ಪೊಲೀಸಿನವನ ಬೇರು ಚೀನಾದಲ್ಲಿದೆ. ಯುದ್ಧ ಮುಗಿದಾಗ ಅಲ್ಲೇ ಉಳಿದುಹೋದ ಜಪಾನಿ ಮಕ್ಕಳ ಪೀಳಿಗೆಗೆ ಅವನ ಮನೆತನ ಸೇರಿದೆ. 1997ರ ‘ರೇನಿ ಡಾಗ್’ನಲ್ಲಿ ತವರಿಗೆ ಮರಳಲಾಗದ ಒಬ್ಬ ಯಾಕುಜಾ ತೈಪೆಯ ಎಡೆಬಿಡದ ಮಳೆಯಲ್ಲಿ, ಮಾತು ಬಾರದ ಒಬ್ಬ ಹುಡುಗನನ್ನು ಬೆನ್ನಿಗೆ ಹಾಕಿಕೊಂಡು ಅಲೆಯುತ್ತಾನೆ. 1999ರ ‘ಲೇ ಲೈನ್ಸ್’ನ ಹುಡುಗರು ಚೀನೀ ಮೂಲದವರು, ಜಪಾನಿನಲ್ಲಿ ಬೆಳೆದರೂ ಪರಕೀಯರು, ಹೇಗಾದರೂ ಬ್ರೆಜಿಲ್‌ಗೆ ಓಡಿಹೋಗುವುದೇ ಅವರ ಕನಸು. ಎಲ್ಲಿಯೂ ಸಲ್ಲದವರ ಮೇಲಿನ ಈ ಮಮತೆ ಸೋಲ್‌ನಲ್ಲಿ ಹುಟ್ಟಿದ ತಂದೆಯ ಮಗನಿಗೆ ಪುಸ್ತಕದಿಂದ ಬಂದದ್ದಲ್ಲ ಎಂದೇ ನನ್ನ ನಂಬಿಕೆ.

1998ರ ‘ದಿ ಬರ್ಡ್ ಪೀಪಲ್ ಇನ್ ಚೈನಾ’ ಬಗ್ಗೆ ಸ್ವಲ್ಪ ನಿಲ್ಲಬೇಕು. ಮೀಕೆ ಅವರನ್ನು ಅರಿಯಲು ಒಂದೇ ಚಿತ್ರ ಆರಿಸಿ ಎಂದರೆ ನಾನು ಕೊಡುವುದು ಇದನ್ನೇ. ಪಚ್ಚೆಯಂಥ ಜೇಡ್ ಕಲ್ಲನ್ನು ಪರೀಕ್ಷಿಸಲು ಟೋಕಿಯೊದ ಕಂಪನಿಯೊಂದು ತನ್ನ ನೌಕರನನ್ನು ಚೀನಾದ ಯುನ್ನಾನ್ ಬೆಟ್ಟಗಳಿಗೆ ಕಳಿಸುತ್ತದೆ. ಕಂಪನಿ ಕೊಡಬೇಕಾದ ಸಾಲದ ವಸೂಲಿಗೆಂದು ಒಬ್ಬ ಯಾಕುಜಾ ಅವನ ಹಿಂದೆ ಬೀಳುತ್ತಾನೆ. ಆಮೆಗಳು ಎಳೆಯುವ ತೆಪ್ಪದಲ್ಲಿ ನದಿ ದಾಟಿ ಅವರು ಸೇರುವ ಹಳ್ಳಿಯಲ್ಲಿ ಮಕ್ಕಳು ತೋಳಿಗೆ ರೆಕ್ಕೆ ಕಟ್ಟಿಕೊಂಡು ಹಾರುವ ಅಭ್ಯಾಸ ಮಾಡುತ್ತಿರುತ್ತಾರೆ. ಹಿಂದೊಮ್ಮೆ ಅಲ್ಲಿ ವಿಮಾನ ಬಿದ್ದ ಬ್ರಿಟಿಷ್ ಪೈಲಟ್‌ನ ಮೊಮ್ಮಗಳು ಅವರಿಗೆ ಗುರು. ಅವಳು ಹಾಡುವ ಹಳೆಯ ಸ್ಕಾಟಿಷ್ ಹಾಡಿನ ಅರ್ಥ ಅವಳಿಗೇ ತಿಳಿಯದು. ಕಂಪನಿಯವನು ಪದ ಪದವಾಗಿ ಅದನ್ನು ಬಿಡಿಸಲು ಕೂರುತ್ತಾನೆ. ಈ ಊರಿಗೆ ಹೊರಜಗತ್ತು ಕಾಲಿಟ್ಟರೆ ಎಲ್ಲವೂ ಹಾಳಾಗುತ್ತದೆಂದು ಮೊದಲು ಕಂಗಾಲಾಗುವವನು ಅದೇ ಕ್ರೂರ ಯಾಕುಜಾ. ಇಷ್ಟು ಮೃದುವಾದ ಚಿತ್ರ ಮಾಡಿದ ಮರುವರ್ಷವೇ ‘ಆಡಿಷನ್’ ಬಂತು.

ರ‍್ಯೂ ಮುರಾಕಾಮಿ ಅವರ ಕಾದಂಬರಿ ಆಧರಿಸಿದ ‘ಆಡಿಷನ್’ ಬಹುಹೊತ್ತು ವಿಧುರನೊಬ್ಬನ ಮರುಮದುವೆಯ ಹದವಾದ ಕಥೆಯಂತೆ ಸಾಗುತ್ತದೆ. ವಧುವನ್ನು ಹುಡುಕಲು ಅವನು ಇಲ್ಲದ ಸಿನಿಮಾಕ್ಕೆ ನಟಿಯರ ಆಯ್ಕೆಯ ನಾಟಕವಾಡುತ್ತಾನೆ. ಆ ಸುಳ್ಳಿಗೆ ಕೊನೆಯ ಭಾಗದಲ್ಲಿ ಅವನು ತೆರುವ ಬೆಲೆಯನ್ನು ನೋಡಲಾಗದೆ 2000ರ ರಾಟರ್‌ಡ್ಯಾಮ್ ಚಿತ್ರೋತ್ಸವದಲ್ಲಿ ಹಲವರು ಎದ್ದು ಹೊರನಡೆದರು. ವಿಮರ್ಶಕರು ಅಲ್ಲಿಯೇ ಅದಕ್ಕೆ ಫಿಪ್ರೆಸ್ಕಿ (ಚಿತ್ರ ವಿಮರ್ಶಕರ ಅಂತರರಾಷ್ಟ್ರೀಯ ಒಕ್ಕೂಟ) ಪ್ರಶಸ್ತಿ ಕೊಟ್ಟರು. ಮುಂದಿನ ವರ್ಷ ಟೊರಾಂಟೊದಲ್ಲಿ ‘ಇಚಿ ದಿ ಕಿಲ್ಲರ್’ ನೋಡಬಂದವರ ಕೈಗೆ ವಾಂತಿ ಚೀಲಗಳನ್ನು ಕೊಡಲಾಯಿತು. ಅಲ್ಲಿಗೆ ಮುದ್ರೆ ಬಿತ್ತು. ಏಷ್ಯಾದ ಉಗ್ರ ಚಿತ್ರಗಳಿಗೆಂದೇ ಬ್ರಿಟನ್ನಿನಲ್ಲಿ ಹುಟ್ಟಿಕೊಂಡ ಡಿವಿಡಿ ಮಾಲಿಕೆ ಆ ಮುದ್ರೆಯನ್ನು ಗಟ್ಟಿ ಮಾಡಿತು. ಮೀಕೆ ಚಿತ್ರಗಳಲ್ಲಿ ಹೊರಗೆ ಸುಲಭವಾಗಿ ಮಾರಾಟವಾದವು ರಕ್ತದವು. ಒಸಾಕಾದ ಪುಂಡ ಬಾಲ್ಯವನ್ನು ಕಣ್ಣು ತೇವವಾಗುವಂತೆ ಹೇಳುವ ‘ಯಂಗ್ ಥಗ್ಸ್: ನಾಸ್ಟಾಲ್ಜಿಯಾ’ದಂಥವು ಅಭಿಮಾನಿಗಳ ಹುಡುಕಾಟಕ್ಕೇ ಉಳಿದವು.

ಮುದ್ರೆ ಪೂರ್ತಿ ಸುಳ್ಳೆಂದು ನಾನು ವಾದಿಸುವುದಿಲ್ಲ. ಅಮೆರಿಕದ ಭೀತಿ ಸರಣಿಯೊಂದಕ್ಕೆ ಮಾಡಿಕೊಟ್ಟ ‘ಇಂಪ್ರಿಂಟ್’ ಸಂಚಿಕೆಯನ್ನು 2006ರಲ್ಲಿ ಅಲ್ಲಿನ ವಾಹಿನಿಯೇ ಪ್ರಸಾರ ಮಾಡಲು ಒಪ್ಪಲಿಲ್ಲ. ಹೆಣ್ಣಿನ ಮೈಮೇಲಿನ ಹಿಂಸೆಯನ್ನು ಮೀಕೆ ಎಷ್ಟೋ ಕಡೆ ಅಗತ್ಯ ಮೀರಿ ತೋರಿಸಿದ್ದಾರೆ. ‘ಇಚಿ’ಯ ಕೆಲವು ದೃಶ್ಯಗಳಿಗೆ ನನ್ನಲ್ಲಿ ಸಮರ್ಥನೆಯಿಲ್ಲ. ಅವಸರದಲ್ಲಿ ಕೆಟ್ಟ ಚಿತ್ರಗಳೂ ಆಗಿವೆ. 2016ರ ‘ಟೆರಾ ಫಾರ್ಮರ್ಸ್’ ನೋಡಿ ಮುಗಿಸುವುದೇ ಪ್ರಯಾಸ.

ವಿಡಿಯೊ ಮಾರುಕಟ್ಟೆ ಸೊರಗತೊಡಗಿದಂತೆ ಅವರಿಗೆ ದೊಡ್ಡ ಬಂಡವಾಳದ ಚಿತ್ರಗಳು ಸಿಕ್ಕವು. ದೆವ್ವಭೂತಗಳ ಮಕ್ಕಳ ಚಿತ್ರ, ಶಾಲಾ ರೌಡಿಗಳ ಚಿತ್ರ, ಕಾರ್ಟೂನಿನಿಂದೆದ್ದ ‘ಯಾಟ್ಟರ್‌ಮ್ಯಾನ್’. 2010ರ ‘13 ಅಸಾಸಿನ್ಸ್’ 1963ರ ಚಿತ್ರದ ಮರುಸೃಷ್ಟಿ. ಅದರ ಕೊನೆಯ ಮುಕ್ಕಾಲು ಗಂಟೆಯ ಕಾಳಗವನ್ನು ಈ ಕಾಲದ ಅತ್ಯುತ್ತಮ ಕತ್ತಿಕಾಳಗವೆನ್ನಲು ನನಗೆ ಹಿಂಜರಿಕೆಯಿಲ್ಲ. ಮರುವರ್ಷದ ‘ಹರಾಕಿರಿ’ ಫ್ರಾನ್ಸಿನ ಕಾನ್ ಚಿತ್ರೋತ್ಸವದ ಸ್ಪರ್ಧೆಗೆ ಬಂದ ಮೊದಲ ತ್ರಿ-ಡಿ ಚಿತ್ರ. ತ್ರಿ-ಡಿ ಎಂದರೆ ಮುಖದ ಮೇಲೆ ವಸ್ತುಗಳನ್ನು ಎಸೆಯುವುದು ಎಂದು ಎಲ್ಲರೂ ತಿಳಿದಿದ್ದಾಗ, ಬಡ ಸಮುರಾಯ್ ಕುಟುಂಬದ ಕತ್ತಲು ಕೋಣೆಯ ಆಳವನ್ನು ತೋರಿಸಲು ಅದನ್ನು ಬಳಸಿದರು.

2017ರ ಮೇ ತಿಂಗಳಲ್ಲಿ ಅವರ ನೂರನೆಯ ಚಿತ್ರವೆಂದು ಸಾರಿದ ‘ಬ್ಲೇಡ್ ಆಫ್ ದಿ ಇಮ್ಮಾರ್ಟಲ್’ ಕಾನ್‌ನಲ್ಲಿ ತೆರೆ ಕಂಡಿತು. ಅದಕ್ಕೆ ಒಂದು ತಿಂಗಳ ಮುಂಚೆಯಷ್ಟೇ ಟಿವಿ ಟೋಕಿಯೊ ವಾಹಿನಿಯಲ್ಲಿ ಪುಟ್ಟ ಹುಡುಗಿಯರಿಗಾಗಿ ಹಾಡು ಕುಣಿತದ ಸಾಹಸ ಸರಣಿಯೊಂದು ಆರಂಭವಾಗಿತ್ತು. ಅದರ ಪ್ರಧಾನ ನಿರ್ದೇಶಕರೂ ಮೀಕೆಯೇ. ಆ ಸರಣಿ ಹೊಸ ಹೊಸ ವೇಷದಲ್ಲಿ ಮುಂದುವರಿಯಿತು. 2020ರಲ್ಲಿ ಅದರ ನಾಯಕಿಯರು ಪೊಲೀಸ್ ಸಮವಸ್ತ್ರ ತೊಟ್ಟ ಹುಡುಗಿಯರು. 1991ರಲ್ಲಿ ವಿಡಿಯೊ ಅಂಗಡಿಗಾಗಿ ಮೀಕೆ ಮಾಡಿದ ಮೊದಮೊದಲ ಚಿತ್ರವೂ ಮಹಿಳಾ ಪೊಲೀಸರ ಒಂದು ತಂಡದ್ದೇ ಆಗಿತ್ತು.